ಬರ್ಲಿನ್ನಿನ ಮೂಕಿಚಿತ್ರವೂ ರಿಯಾದಿನ ಗಗನಯಾತ್ರಿಯೂ

ಆಕಾಶನೌಕೆ ಮೇಲೇಳುವ ಮುನ್ನ ಹತ್ತು, ಒಂಬತ್ತು, ಎಂಟು ಎಂದು ಶೂನ್ಯದವರೆಗೆ ಇಳಿದು ಬರುವ ಕ್ಷಣಗಣನೆಯನ್ನು ಕೇಳಿ ಮೈ ನವಿರೇಳದವರು ವಿರಳ. ಅದನ್ನು ಮೊದಲು ಪ್ರಸಿದ್ಧಿಗೆ ತಂದದ್ದು ಮಾತಿಲ್ಲದ ಒಂದು ಮೂಕಿಚಿತ್ರವೆಂಬುದನ್ನು ಬಲ್ಲವರು ಇನ್ನೂ ವಿರಳ. ಫ್ರಿಟ್ಸ್ ಲಾಂಗ್ ನಿರ್ದೇಶಿಸಿ, 1929ರ ಅಕ್ಟೋಬರ್ 15ರಂದು ಬರ್ಲಿನ್ನಿನಲ್ಲಿ ತೆರೆಕಂಡ 'ಫ್ರಾವ್ ಇಮ್ ಮೋಂಡ್', ಎಂದರೆ 'ಚಂದ್ರನಲ್ಲಿ ಮಹಿಳೆ', ಎಂಬುದೇ ಆ ಚಿತ್ರ. ಒಂದರಿಂದ ಮೇಲಕ್ಕೆಣಿಸಿದರೆ ರಾಕೆಟ್ಟು ಯಾವ ಅಂಕಿಗೆ ಸಿಡಿದೇಳುವುದೆಂದು ನೋಡುವವನಿಗೆ ತಿಳಿಯದು. ಕೆಳಕ್ಕೆಣಿಸಿದರೆ ಶೂನ್ಯವೇ ಮುಹೂರ್ತ. ನಿಶ್ಶಬ್ದವಾದ ತೆರೆಯ ಮೇಲೆ ಅಂಕಿಗಳು ಒಂದೊಂದಾಗಿ ಕುಗ್ಗುತ್ತ ಬರುವಾಗ ಉಸಿರು ತಾನಾಗಿ ಬಿಗಿಯುತ್ತದೆ.

ರಾಕೆಟ್ ಶಾಸ್ತ್ರಜ್ಞನಾದ ಹೆರ್ಮಾನ್ ಓಬರ್ಟ್ ಸಲಹೆಗಾರನಾಗಿದ್ದುದರಿಂದ, ಹಂತಹಂತವಾಗಿ ಕಳಚಿಕೊಳ್ಳುವ ರಾಕೆಟ್ಟು, ಅದನ್ನು ಕಟ್ಟಿದ ಆಲಯದಿಂದ ನಿಂತ ನಿಲುವಿನಲ್ಲೇ ಹೊರಗೆ ಸಾಗಿಸುವ ಕ್ರಮ, ವೇಗದ ಒತ್ತಡವನ್ನು ತಾಳಲು ಮಲಗಿದ ಯಾತ್ರಿಕರು, ತೂಕವಳಿದಾಗ ತೇಲಿಹೋಗದಂತೆ ಕಾಲು ಸಿಕ್ಕಿಸುವ ನೆಲದ ಪಟ್ಟಿಗಳು, ಇವೆಲ್ಲವೂ ಮುಂದೆ ನಿಜವಾಗಲಿದ್ದಂತೆಯೇ ಅಲ್ಲಿ ಮೈದಾಳಿವೆ. ಚಂದ್ರನಲ್ಲಿ ಉಸಿರಾಡಲು ಗಾಳಿಯಿದೆಯೆಂದು ತೋರಿಸಿದ ದೋಷವನ್ನು ಇಷ್ಟರಿಂದಲೇ ನಾನು ಮನ್ನಿಸಬಲ್ಲೆನು.

ಆಗಿನ್ನೂ ಸೌದಿ ಅರೇಬಿಯಾ ಎಂಬ ಹೆಸರಿನ ರಾಜ್ಯವೇ ಇರಲಿಲ್ಲ. ಅದು ಘೋಷಿತವಾದುದು 1932ರಲ್ಲಿ. 1980ರ ದಶಕದಲ್ಲಿ ಸಾರ್ವಜನಿಕ ಚಿತ್ರಮಂದಿರಗಳೇ ಇಲ್ಲದಾಗಿದ್ದ ಆ ಮರುನಾಡಿನಿಂದ, ರಂಜಾನ್ ಮಾಸದ ಕೊನೆಯ ದಿನಗಳಲ್ಲಿ, 1985ರ ಜೂನ್ 17ರಂದು, ರಿಯಾದಿನಲ್ಲಿ ಹುಟ್ಟಿದ 28 ವರ್ಷದ ರಾಜಕುಮಾರ ಸುಲ್ತಾನ್ ಬಿನ್ ಸಲ್ಮಾನ್ ಅಮೆರಿಕದ 'ಡಿಸ್ಕವರಿ' ನೌಕೆಯನ್ನೇರಿ, ಅಂತರಿಕ್ಷವನ್ನು ಮುಟ್ಟಿದ ಮೊದಲ ಅರಬನಾದರು. ಅರಬ್ ದೇಶಗಳ ದೂರವಾಣಿ ಹಾಗೂ ದೂರದರ್ಶನಕ್ಕಾಗಿ ನಿರ್ಮಿತವಾದ 'ಅರಬ್‌ಸ್ಯಾಟ್' ಉಪಗ್ರಹವೂ ಅದೇ ನೌಕೆಯಿಂದ ಕಕ್ಷೆಗಿಳಿಯಿತು. ಕತ್ತಲ ಕೋಣೆಯಲ್ಲಿ ಜನರೆಲ್ಲ ಕೂಡಿ ಕುಳಿತು ಚಿತ್ರ ನೋಡುವ ಭಾಗ್ಯ ರಿಯಾದಿಗೆ ಮರಳಿದ್ದಾದರೋ 2018ರ ಏಪ್ರಿಲ್ 18ರಂದು, ರಾಜಕುಮಾರನ ಯಾತ್ರೆ ಮುಗಿದು 33ನೆಯ ವರ್ಷ ನಡೆಯುತ್ತಿದ್ದಾಗ. ಕನಸು ತೆರೆಯ ಮೇಲೆ ಮೂಡಿ ಅನಂತರ ಬಾನಿಗೇರುವುದು ಲೋಕರೂಢಿ; ಇಲ್ಲಿ ಬಾನೇ ಮೊದಲಾಯಿತು.

ಲಾಂಗನ ಚಿತ್ರದ ಕೊನೆಯಲ್ಲಿ ನಾಯಕಿ ಫ್ರೀಡೆ, ನೌಕೆ ಭೂಮಿಗೆ ಹಿಂದಿರುಗಿದರೂ ತಾನು ಹಿಂದಿರುಗದೆ, ಪ್ರಿಯನೊಡನೆ ಚಂದ್ರನಲ್ಲಿಯೇ ಉಳಿದುಬಿಡುತ್ತಾಳೆ. 2023ರ ಮೇ 21ರಂದು, ಹಿಂದೆ ರಾಜಕುಮಾರನು ಹೊರಟಿದ್ದ ಅದೇ 39ಎ ಉಡಾವಣಾ ವೇದಿಕೆಯಿಂದ, ಅಂತೆಯೇ ಶೂನ್ಯದವರೆಗೆ ಎಣಿಸಿದ ಬಳಿಕ, ಕ್ಯಾನ್ಸರ್ ಸಂಶೋಧಕಿ ರಯ್ಯಾನಾ ಬರ್ನಾವಿ ಸೌದಿಯ ಮೊದಲ ಗಗನಯಾತ್ರಿಣಿಯಾಗಿ ಮೇಲೇರಿ, ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲಿ ಪ್ರಯೋಗಗಳನ್ನು ಮುಗಿಸಿ, ತಿಂಗಳ ಕೊನೆಯೊಳಗೆ ಕಡಲಿಗಿಳಿದು ಮನೆಗೆ ಬಂದರು.