ಒಂದೇ ಮಿದುಳಿನ ಎರಡು ಚಿತ್ರ

ವಯಸ್ಸಾದವರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳತೊಡಗಿದರೆ ‘ಅರಳು ಮರಳು’ ಎಂದು ಸುಮ್ಮನಾಗುವುದು ನಮ್ಮಲ್ಲಿ ರೂಢಿ. ಆ ಮರೆವಿನ ಹಿಂದೆ ಮಿದುಳು ಸವೆಯುತ್ತಿದೆಯೇ ಎಂದು ತಿಳಿಯಲು 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಜೈಮರ್ ತಮ್ಮ ರೋಗಿ ತೀರಿಕೊಳ್ಳುವವರೆಗೆ ಕಾಯಬೇಕಾಯಿತು. ಇಂದು ಆ ಸವೆತವನ್ನು ಬದುಕಿರುವಾಗಲೇ ಅಳೆಯಬಹುದು.

ಎಂಆರ್‌ಐನಲ್ಲಿ ತಜ್ಞರ ಕಣ್ಣು ಮೊದಲು ಹೋಗುವುದು ಹಿಪೊಕ್ಯಾಂಪಸ್ ಕಡೆಗೆ. ಕಿವಿಯ ನೇರಕ್ಕೆ ಒಳಗೆ, ಎಡಕ್ಕೊಂದು ಬಲಕ್ಕೊಂದು ಇರುವ ಈ ಪುಟ್ಟ ಭಾಗವಿಲ್ಲದೆ ಹೊಸ ನೆನಪು ಕೂಡುವುದಿಲ್ಲ. ಆರೋಗ್ಯವಂತ ವೃದ್ಧರಲ್ಲೂ ಇದು ವರ್ಷಕ್ಕೆ ಶೇ 1ರಿಂದ 2ರಷ್ಟು ಕುಗ್ಗುತ್ತದೆ. ಅಲ್ಜೈಮರ್ ಕಾಯಿಲೆಯಲ್ಲಿ ಶೇ 4ರಿಂದ 5ರಷ್ಟು. ಆದರೆ ಹುಟ್ಟಿನಿಂದಲೇ ಒಬ್ಬರ ಮಿದುಳಿನ ಗಾತ್ರ ಇನ್ನೊಬ್ಬರದರಂತಿಲ್ಲ. ಹಾಗಾಗಿ ಒಂದೇ ಚಿತ್ರ ನೋಡಿ ‘ಕುಗ್ಗಿದೆ’ ಎನ್ನುವುದು ಕಷ್ಟ. ಅದೇ ವ್ಯಕ್ತಿಯ ಒಂದು ವರ್ಷದ ನಂತರದ ಚಿತ್ರವನ್ನು ಹಳೆಯದರ ಮೇಲೆ ಕಂಪ್ಯೂಟರಿನಲ್ಲಿ ಕರಾರುವಾಕ್ಕಾಗಿ ಕೂರಿಸಿದರೆ, ಅಂಚು ಎಲ್ಲಿ ಎಷ್ಟು ಒಳಸರಿದಿದೆ ಎಂಬುದು ಗೊತ್ತಾಗುತ್ತದೆ. ಲಂಡನ್ನಿನ ನಿಕ್ ಫಾಕ್ಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಈ ವಿಧಾನವನ್ನು ರೂಢಿಸಿದರು. ನನ್ನ ದೃಷ್ಟಿಯಲ್ಲಿ ಇಡೀ ವಿದ್ಯೆಯ ಜೀವಾಳ ಇದೇ: ಒಬ್ಬ ವ್ಯಕ್ತಿಯನ್ನು ಅದೇ ವ್ಯಕ್ತಿಯ ಜೊತೆಗೇ ಹೋಲಿಸುವುದು.

ಕುಗ್ಗುವ ಮೊದಲೇ ಸೇರಿಕೊಳ್ಳುವ ಅಮಿಲಾಯ್ಡ್ ಎಂಬ ಪ್ರೋಟೀನನ್ನು ತೋರಿಸುವುದು ಪೆಟ್ ಸ್ಕ್ಯಾನ್. ಪಿಟ್ಸ್‌ಬರ್ಗ್‌ನ ವಿಲಿಯಂ ಕ್ಲಂಕ್ ಮತ್ತು ಚೆಸ್ಟರ್ ಮ್ಯಾಥಿಸ್ ರೂಪಿಸಿದ ವಿಕಿರಣಶೀಲ ಬಣ್ಣ ಆ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. 2002ರಲ್ಲಿ ಸ್ವೀಡನ್ನಿನ ಉಪ್ಸಲಾದಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳಿನಲ್ಲಿ ಅದು ಬೆಳಗಿತು. ಅಚ್ಚರಿಯೆಂದರೆ, ಅಮಿಲಾಯ್ಡ್ ಮರೆವಿಗಿಂತ 15–20 ವರ್ಷ ಮೊದಲೇ ಶೇಖರವಾಗತೊಡಗಿ, ಮರೆವು ಎದ್ದು ಕಾಣುವ ಹೊತ್ತಿಗೆ ಹೆಚ್ಚುಕಡಿಮೆ ನಿಂತುಬಿಟ್ಟಿರುತ್ತದೆ. ಅಮಿಲಾಯ್ಡ್ ತುಂಬಿದ್ದೂ ಚುರುಕಾಗಿರುವ ಹಿರಿಯರಿದ್ದಾರೆ. ರೋಗದ ನಡಿಗೆಯ ಜೊತೆ ಹೆಜ್ಜೆ ಹಾಕುವುದು ಟೌ ಎಂಬ ಇನ್ನೊಂದು ಪ್ರೋಟೀನು. ಅದು ಹಿಪೊಕ್ಯಾಂಪಸ್ಸಿನ ಆಸುಪಾಸಿನಿಂದ ಹೊರಟು ಎಲ್ಲೆಲ್ಲಿ ಹಬ್ಬುತ್ತದೋ ಅಲ್ಲಲ್ಲಿನ ಕೆಲಸ ಕೆಡುತ್ತದೆ: ಮೊದಲು ನೆನಪು, ಆಮೇಲೆ ಮಾತು, ದಾರಿಯ ಗುರುತು.

ಇಂಥ ಅಳತೆಗಳು ಬಹುಪಾಲು ಬಂದದ್ದು ಯುರೋಪ್, ಅಮೆರಿಕಗಳ ಓದುಬರಹ ಬಲ್ಲವರಿಂದ. ಅಕ್ಷರ ಕಲಿಯದ, ಹೊಲದಲ್ಲಿ ದುಡಿದ ನಮ್ಮವರ ಮಿದುಳು ಹೇಗೆ ಮುಪ್ಪಾಗುತ್ತದೆ? ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಗಮನಿಸುತ್ತಿದೆ. ನೆನಪಿನ ಪರೀಕ್ಷೆ, ರಕ್ತ ಪರೀಕ್ಷೆಯ ಜೊತೆಗೆ ಎಂಆರ್‌ಐ ಕೂಡ ಅದರಲ್ಲಿದೆ. ಇದು ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ.

ನಿಮ್ಮ ಮನೆಯ ಹಿರಿಯರಿಗೆ ಯಾವಾಗಲಾದರೂ ತಲೆಯ ಸ್ಕ್ಯಾನ್ ಮಾಡಿಸಿದ್ದರೆ, ಬರೀ ವರದಿಯ ಹಾಳೆಯಲ್ಲ, ಫಿಲ್ಮು ಮತ್ತು ಸಿ.ಡಿ.ಯನ್ನೂ ಜೋಪಾನವಾಗಿಡಿ. ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಮರೆಯದೆ ಒಯ್ಯಿರಿ.