ಸಿಕೋಯ ಹೆಮ್ಮರಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ಭಾಗದಲ್ಲಿರುವ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಸಿಯೆರ ನೆವಾಡ ಎಂಬ ಪರ್ವತಶ್ರೇಣಿ ಇದೆ. ಇದರ ಪಡುವಣ ಇಳಿಜಾರಿನಲ್ಲಿ, ಸುಮಾರು 400 ಕಿಲೋಮೀಟರ್ ಉದ್ದದ ಕಿರಿದಾದ ಪಟ್ಟಿಯೊಂದರಲ್ಲಿ, ಅಲ್ಲೊಂದು ಇಲ್ಲೊಂದು ತೋಪುಗಳಾಗಿ ಒಂದು ಜಾತಿಯ ಮರಗಳು ಬೆಳೆದಿವೆ. ಸಿಕೋಯ ಎಂಬುದು ಅವುಗಳ ಹೆಸರು. ಗಾತ್ರದಲ್ಲಿ ಇವನ್ನು ಮೀರಿಸಿದ ಮರ ಭೂಮಿಯ ಮೇಲಿಲ್ಲ. ಮನುಷ್ಯರು ನೆಟ್ಟು ಬೆಳೆಸಿದವನ್ನು ಬಿಟ್ಟರೆ, ಇವು ತಾವಾಗಿಯೇ ಹುಟ್ಟಿ ಬೆಳೆಯುವ ನೆಲೆ ಜಗತ್ತಿನಲ್ಲಿ ಇದೊಂದೇ. ಇಂಥ ಹಲವು ತೋಪುಗಳನ್ನು ಒಳಗೊಂಡ ಸಿಕೋಯ ರಾಷ್ಟ್ರೀಯ ಉದ್ಯಾನ 1890ರಲ್ಲಿ ಸ್ಥಾಪಿತವಾಯಿತು.

ಈ ಮರಗಳನ್ನು ನೋಡಬಯಸುವವರು ಬಯಲಿನ ವೈಸೇಲಿಯ ಪಟ್ಟಣದಿಂದ ಬೆಟ್ಟದ ದಾರಿ ಹಿಡಿಯುತ್ತಾರೆ. ಕಿತ್ತಳೆಯ ತೋಟಗಳು ಹಿಂದೆ ಸರಿದಂತೆ ರಸ್ತೆ ಹಾವಿನಂತೆ ಬಳುಕುತ್ತ ಮೇಲೇರತೊಡಗುತ್ತದೆ. ಮೊದಲು ಕಾಣುವುದು ಒಣಹುಲ್ಲಿನ ಗುಡ್ಡಗಳು, ಗಿಡ್ಡ ಓಕ್ ಮರಗಳು, ಕುರುಚಲು ಪೊದೆಗಳು. ಬೇಸಗೆಯಾದರೆ ಕೆಳಗೆ ಬಿಸಿಲು ಸುಡುತ್ತಿರುತ್ತದೆ. ತಿರುವಿನ ಮೇಲೆ ತಿರುವು ದಾಟಿ ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರಕ್ಕೆ ಬಂದಾಗ ಗಾಳಿ ತಣ್ಣಗಾಗಿರುತ್ತದೆ. ಸುತ್ತಲೂ ಪೈನ್ ಮರಗಳ ಕಡುಹಸುರು ಕವಿದಿರುತ್ತದೆ. ಆ ಹಸುರಿನ ನಡುವೆ ಕಾವಿಬಣ್ಣದ ಕಂಬಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಪ್ರಕೃತಿಪ್ರೇಮಿ ಜಾನ್ ಮ್ಯೂರ್ 1875ರಲ್ಲಿ ಈ ಸ್ಥಳಕ್ಕೆ ಬಂದು ಇದನ್ನು ‘ದೈತ್ಯವನ’ ಎಂದು ಕರೆದನು. ಇಂದಿಗೂ ಅದೇ ಹೆಸರು ನಿಂತಿದೆ.

ಸಿಕೋಯದ ಗಾತ್ರ ಮೊದಲ ನೋಟಕ್ಕೆ ದಕ್ಕುವುದಿಲ್ಲ. ಸುತ್ತಲಿನ ಮರಗಳೂ ದೊಡ್ಡವೇ ಆದುದರಿಂದ ಕಣ್ಣು ಮೋಸಹೋಗುತ್ತದೆ. ಯಾರಾದರೊಬ್ಬರು ನಡೆದುಹೋಗಿ ಮರದ ಬುಡದಲ್ಲಿ ನಿಂತಾಗ, ಆ ಮನುಷ್ಯ ಬೇರಿನ ಒಂದು ಮಡಿಕೆಯಷ್ಟೂ ಇಲ್ಲವೆಂಬುದು ಅರಿವಾಗುತ್ತದೆ. ಇಲ್ಲಿರುವ ಜನರಲ್ ಶರ್ಮನ್ ಎಂಬ ಮರದ ಎತ್ತರ ಸುಮಾರು 84 ಮೀಟರ್. ನೆಲಮಟ್ಟದಲ್ಲಿ ಸುತ್ತಳತೆ 31 ಮೀಟರ್. ನಿಮ್ಮ ವಯಸ್ಸಿನ ಇಪ್ಪತ್ತು ವಿದ್ಯಾರ್ಥಿಗಳು ಕೈಗೆ ಕೈ ಜೋಡಿಸಿ ನಿಂತರೆ ಇದನ್ನು ಒಂದು ಸುತ್ತು ಬಳಸಬಹುದು. ಇದಕ್ಕಿಂತ ಎತ್ತರದ ಮರಗಳು ಉಂಟು. ಕ್ಯಾಲಿಫೋರ್ನಿಯದ ಕರಾವಳಿಯಲ್ಲೇ ಇವುಗಳ ದಾಯಾದಿಗಳಾದ ರೆಡ್‌ವುಡ್ ಮರಗಳು ನೂರು ಮೀಟರನ್ನು ದಾಟಿ ನಿಂತಿವೆ. ಆದರೆ ಒಂದೇ ಕಾಂಡದಲ್ಲಿ ಇಷ್ಟು ಮರವನ್ನು ತುಂಬಿಕೊಂಡ ಇನ್ನೊಂದು ವೃಕ್ಷ ತಿಳಿದುಬಂದಿಲ್ಲ. 2006ರಲ್ಲಿ ಇದರ ಒಂದು ಕೊಂಬೆ ಮುರಿದು ಬಿತ್ತು. ಆ ಕೊಂಬೆಯ ದಪ್ಪವೇ ಸುಮಾರು ಎರಡು ಮೀಟರ್! ಮರದ ವಯಸ್ಸು ಎರಡು ಸಾವಿರ ವರ್ಷಗಳಿಗೂ ಮಿಗಿಲು. ಇಂಥ ವೃಕ್ಷಕ್ಕೆ ಅಂತರ್ಯುದ್ಧದ ಒಬ್ಬ ಸೇನಾಪತಿಯ ಹೆಸರನ್ನಿಟ್ಟದ್ದು ನನಗೇನೋ ಅಷ್ಟು ಒಪ್ಪಿತವಲ್ಲ.

ಈ ಮರಗಳಿಗೆ ಮೊದಲು ಬಂದ ಆಪತ್ತು ಕೊಡಲಿಯಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮರದ ವ್ಯಾಪಾರಿಗಳು ತೋಪು ತೋಪನ್ನೇ ಕಡಿದರು. ಲಾಭವೂ ಹೇಳಿಕೊಳ್ಳುವಂಥದಲ್ಲ. ಸಿಕೋಯದ ಮರ ಪೆಡಸು. ಉರುಳಿ ನೆಲಕ್ಕೆ ಬಿದ್ದೊಡನೆ ಎಷ್ಟೋ ಭಾಗ ಚೂರುಚೂರಾಗುತ್ತಿತ್ತು. ಉಳಿದುದು ಬೇಲಿಯ ಗೂಟಕ್ಕೂ ಮಾಡಿಗೆ ಹೊದಿಸುವ ಹಲಗೆಗೂ ಹೋಯಿತು. ವಾಲ್ಟರ್ ಫ್ರೈ ಎಂಬಾತ ಹೀಗೆ ಮರ ಕಡಿಯುವ ಕೂಲಿಯಾಗಿದ್ದನು. ಐವರು ಸೇರಿ ಐದು ದಿನ ಶ್ರಮಪಟ್ಟು ಒಂದು ಮರವನ್ನು ಉರುಳಿಸಿದ ಮೇಲೆ ಆತ ಅದರ ಬುಡದ ಬಳೆಗಳನ್ನು ಎಣಿಸಲು ಕುಳಿತನು. ಮರ ವರ್ಷಕ್ಕೊಂದು ಬಳೆಯನ್ನು ಬೆಳೆಯುತ್ತದೆಂಬುದು ನಿಮಗೆ ತಿಳಿದೇ ಇದೆ. ಎಣಿಕೆ 3,266ಕ್ಕೆ ಮುಟ್ಟಿತು. ಆತ ಆ ಕೆಲಸವನ್ನು ತೊರೆದನು. ಈ ಕಾಡನ್ನು ಉಳಿಸಬೇಕೆಂಬ ಮನವಿಗೆ ಸಹಿ ಹಾಕಿದನು. ಮುಂದೆ ಇದೇ ಉದ್ಯಾನದ ರಕ್ಷಕನಾಗಿ, ಕೊನೆಗೆ ಅದರ ಮೇಲ್ವಿಚಾರಕನೂ ಆದನು.

ಕೊಡಲಿಯನ್ನು ತಡೆದವರು ಬೆಂಕಿಯನ್ನೂ ತಡೆಯಲು ಹೊರಟದ್ದು ಸಹಜವೇ. ಕಾಡಿಗೆ ಬೆಂಕಿ ಬೀಳುವುದು ಕೇಡೆಂದು ಯಾರು ತಾನೆ ತಿಳಿಯುವುದಿಲ್ಲ? ಇಪ್ಪತ್ತನೆಯ ಶತಮಾನದ ಆರಂಭದಿಂದ ಹಲವು ದಶಕಗಳ ಕಾಲ, ಎಲ್ಲಿ ಹೊಗೆ ಕಂಡರೂ ಓಡಿಹೋಗಿ ನಂದಿಸುವುದೇ ಅಧಿಕಾರಿಗಳ ಧ್ಯೇಯವಾಯಿತು. ಮರಗಳು ಸುರಕ್ಷಿತವಾಗಿದ್ದವು. ಆದರೆ ಮರಗಳ ಕೆಳಗೆ ಎಳೆಯ ಸಿಕೋಯಗಳು ಮಾತ್ರ ಕಾಣಿಸದಾದವು. ಹೆಮ್ಮರಗಳು ಬೀಜ ಬಿಡುತ್ತಿದ್ದರೂ ಮೊಳಕೆ ಏಳುತ್ತಿರಲಿಲ್ಲ.

ಇದರ ಕಾರಣ ತಿಳಿಯಬೇಕಾದರೆ ಸಿಕೋಯದ ಬೀಜವನ್ನು ನೋಡಬೇಕು. ಅದು ಅವಲಕ್ಕಿಯ ಚೂರಿನಂತೆ ತೆಳ್ಳಗೆ, ಹಗುರ. ಒಂದು ಗ್ರಾಂ ತೂಕಕ್ಕೆ ಸುಮಾರು 200 ಬೀಜಗಳು. ಕೋಳಿಮೊಟ್ಟೆಯ ಗಾತ್ರದ ಕಾಯಿಗಳಲ್ಲಿ ಇವು ಅಡಗಿರುತ್ತವೆ. ಕಾಯಿ ಬಲಿತರೂ ಬೀಳುವುದಿಲ್ಲ, ಬಿರಿಯುವುದಿಲ್ಲ. ಹಸುರಾಗಿಯೇ ಇಪ್ಪತ್ತು ವರ್ಷಗಳವರೆಗೂ ಕೊಂಬೆಯಲ್ಲಿ ಉಳಿಯಬಲ್ಲದು. ಅಳಿಲುಗಳು ಕಾಯಿಯ ಸಿಪ್ಪೆ ತಿನ್ನುವಾಗ, ಒಂದು ಬಗೆಯ ದುಂಬಿಯ ಮರಿಹುಳು ಅದನ್ನು ಕೊರೆದಾಗ ಕೆಲವು ಬೀಜಗಳು ಉದುರುವುದುಂಟು. ಸಾವಿರಾರು ಕಾಯಿಗಳು ಒಮ್ಮೆಗೇ ಬಾಯ್ದೆರೆಯುವುದು ಮಾತ್ರ ಕೆಳಗೆ ಬೆಂಕಿ ಹರಿದು, ಅದರ ಬಿಸಿಗಾಳಿ ಮೇಲೇರಿದಾಗ. ಉದುರಿದ ಬೀಜಕ್ಕೆ ಬೇಕಾದುದು ಬರಿಯ ಮಣ್ಣು ಮತ್ತು ಬಿಸಿಲು. ತರಗೆಲೆಯ ದಪ್ಪ ಹಾಸಿನ ಮೇಲೆ ಬಿದ್ದರೆ ಮೊಳಕೆಯ ಬೇರು ಮಣ್ಣನ್ನು ಮುಟ್ಟುವ ಮೊದಲೇ ಒಣಗುತ್ತದೆ. ತರಗನ್ನು ಸುಟ್ಟು ನೆಲವನ್ನು ತೆರೆಯುವುದೂ, ಪೊದೆಗಳನ್ನು ತೆಗೆದು ಬಿಸಿಲಿಗೆ ದಾರಿ ಮಾಡುವುದೂ ಅದೇ ಬೆಂಕಿಯೇ. ತಾಯಿಮರಕ್ಕೆ ಇದರಿಂದ ಹೆಚ್ಚು ಅಪಾಯವಿಲ್ಲ. ಅದರ ನಾರಿನಂಥ ತೊಗಟೆ ಅರ್ಧ ಮೀಟರಿಗೂ ಹೆಚ್ಚು ದಪ್ಪವಿರುತ್ತದೆ; ಬೇಗನೆ ಹೊತ್ತಿಕೊಳ್ಳುವ ರಾಳ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಹಿಂದೆ ಸಿಡಿಲಿನಿಂದಲೂ ಅಲ್ಲಿಯ ಮೂಲನಿವಾಸಿಗಳು ಬೇಕೆಂದೇ ಹಚ್ಚುತ್ತಿದ್ದ ಕಿಚ್ಚಿನಿಂದಲೂ ಈ ತೋಪುಗಳಲ್ಲಿ ಆಗಾಗ ಸಣ್ಣ ಬೆಂಕಿ ಹರಿಯುತ್ತಿತ್ತು. ಹಳೆಯ ಮರಗಳ ಬಳೆಗಳಲ್ಲಿ ಆ ಬೆಂಕಿಗಳ ಗಾಯದ ಗುರುತುಗಳು ಸಾಲುಸಾಲಾಗಿ ಸಿಕ್ಕಿವೆ. 1960ರ ದಶಕದಲ್ಲಿ ರಿಚರ್ಡ್ ಹಾರ್ಟ್ಸ್‌ವೆಲ್ಟ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ತೋಪುಗಳಲ್ಲಿ ಹತೋಟಿಯ ಬೆಂಕಿ ಹಚ್ಚಿ ಪರೀಕ್ಷಿಸಿದರು. ಸುಟ್ಟ ನೆಲದಲ್ಲಿ ಸಿಕೋಯದ ಸಸಿಗಳು ಹುಲುಸಾಗಿ ಎದ್ದವು. ಅಂದಿನಿಂದ ಉದ್ಯಾನದವರು, ಕಾಲವನ್ನೂ ಗಾಳಿಯನ್ನೂ ನೋಡಿಕೊಂಡು, ತಾವೇ ಬೆಂಕಿ ಹಚ್ಚುವ ಪದ್ಧತಿಯನ್ನು ಕೈಗೊಂಡರು. ಆದರೆ ತೋಪುಗಳು ಹಲವು. ಎಲ್ಲೆಡೆಯೂ ಈ ಕೆಲಸ ನಡೆಯಲಿಲ್ಲ.

ಉಳಿದೆಡೆ ನೂರು ವರ್ಷಗಳ ತರಗು, ಒಣಕೊಂಬೆ, ಒತ್ತಾದ ಎಳೆಮರಗಳು ಸೇರಿಕೊಂಡಿದ್ದವು. 2012ರಿಂದ 2016ರವರೆಗಿನ ಭೀಕರ ಬರಗಾಲದಲ್ಲಿ ಸುತ್ತಣ ಪೈನ್ ಮರಗಳು ಅಸಂಖ್ಯವಾಗಿ ಸತ್ತು ಒಣಗಿ ನಿಂತವು. ಹವೆಯೂ ಮೊದಲಿಗಿಂತ ಬಿಸಿಯೇರಿತ್ತು. 2020 ಮತ್ತು 2021ರಲ್ಲಿ ಬಂದ ಬೆಂಕಿ ಹಿಂದಿನಂತೆ ನೆಲದ ಮೇಲೆ ಹರಿದುಹೋಗುವ ಬೆಂಕಿಯಾಗಿರಲಿಲ್ಲ. ಎಳೆಮರಗಳನ್ನು ಏಣಿಯಾಗಿಸಿಕೊಂಡು ಹೆಮ್ಮರಗಳ ನೆತ್ತಿಗೇ ಏರಿತು. ಜಗತ್ತಿನ ದೊಡ್ಡ ಸಿಕೋಯಗಳಲ್ಲಿ ಶೇಕಡ 13ರಿಂದ 19ರಷ್ಟು ಈ ಎರಡು ವರ್ಷಗಳಲ್ಲಿ ನಾಶವಾದವೆಂದು ಅಂದಾಜು ಮಾಡಲಾಗಿದೆ. 2021ರ ಸೆಪ್ಟೆಂಬರಿನಲ್ಲಿ ಬೆಂಕಿ ದೈತ್ಯವನದ ಹತ್ತಿರಕ್ಕೂ ಬಂದಿತು. ಸಿಬ್ಬಂದಿಯವರು ಜನರಲ್ ಶರ್ಮನ್ ಮರದ ಬುಡಕ್ಕೆ ಉರಿ ತಾಗದ ಅಲ್ಯೂಮಿನಿಯಂ ಹೊದಿಕೆಯನ್ನು ಸುತ್ತಿದರು. ಆ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತು. ಪತ್ರಿಕೆಗಳ ಕಣ್ಣಿಗೆ ಅಷ್ಟಾಗಿ ಬೀಳದ ಸಂಗತಿಯೊಂದಿದೆ: ಆ ವನದಲ್ಲಿ ಹಲವು ದಶಕಗಳಿಂದ ಹತೋಟಿಯ ಬೆಂಕಿ ಹಚ್ಚುತ್ತ ಬಂದಿದ್ದರಿಂದ ಅಲ್ಲಿ ಉರಿಯಲು ಹೆಚ್ಚೇನೂ ಉಳಿದಿರಲಿಲ್ಲ. ಹೊದಿಕೆಗಿಂತ ಹೆಚ್ಚಾಗಿ ಆ ಹಳೆಯ ಕೆಲಸವೇ ವನವನ್ನು ಕಾಯಿತೆಂದು ಬಲ್ಲವರು ಹೇಳುತ್ತಾರೆ.

ಬೆಂಕಿ ಮೆಲ್ಲಗೆ ಹಾದುಹೋದ ಕಡೆಗಳಲ್ಲಿ ಈಗ ಬೂದಿಮಣ್ಣಿನಿಂದ ಸಸಿಗಳು ತಲೆಯೆತ್ತಿವೆ. ತಾಯಿಮರಗಳೇ ಕಾಯಿಸಹಿತ ಸುಟ್ಟುಹೋದ ಕಡೆಗಳಲ್ಲಿ ಬೀಜವಿಲ್ಲ, ಸಸಿಗಳೂ ವಿರಳ. ಅಂಥ ಕೆಲವು ತೋಪುಗಳಲ್ಲಿ 2023ರಿಂದ ಸಸಿ ನೆಡಲು ತೊಡಗಿದ್ದಾರೆ. ಕಾಡನ್ನು ಅದರ ಪಾಡಿಗೆ ಬಿಡಬೇಕು, ಅದು ತಾನೇ ಚಿಗುರುತ್ತದೆ ಎಂದು ವಾದಿಸುವವರೂ ಅಲ್ಲಿ ಇದ್ದಾರೆ. ಚರ್ಚೆ ಇನ್ನೂ ಮುಗಿದಿಲ್ಲ. ನೆಟ್ಟ ಸಸಿಗಳ ಎತ್ತರ ಮಾತ್ರ ಸದ್ಯಕ್ಕೆ ಗೇಣು, ಮೊಳಗಳಲ್ಲಿದೆ.