ಬರದಲ್ಲಿ ಕಳೆದುಹೋದ ಚಿಕ್ಕ ಮುತ್ತಾತ

ಮೊಮ್ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದರು. ತುಮಕೂರಿನ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ನಾನು ಹೆಸರು ಹೇಳುತ್ತಾ ಹೋದೆ, ಅವಳು ಕೊಂಬೆ ಬರೆಯುತ್ತಾ ಹೋದಳು. ಮುತ್ತಾತನ ಪಕ್ಕದ ಕೊಂಬೆ ಮಾತ್ರ ಖಾಲಿ ಉಳಿಯಿತು.

“ಇದು ಯಾರ್ದು ತಾತ?”

“ಮುತ್ತಾತನ ತಮ್ಮಂದು. ಬರದಲ್ಲಿ ಮನೆಯವರನ್ನೆಲ್ಲ ಬಿಟ್ಟು ಓಡಿಹೋದನಂತೆ.”

“ಓಡಿಹೋಗಿದ್ದನ್ನ ಯಾರು ನೋಡಿದ್ರು?”

ನನಗೆ ಉತ್ತರ ಹೊಳೆಯಲಿಲ್ಲ. ಗುಬ್ಬಿ ಹತ್ತಿರದ ನಮ್ಮ ಹಳ್ಳಿಯ ಮನೆಯಲ್ಲಿ ಪಿತೃಪಕ್ಷಕ್ಕೆ ಹಿರಿಯರಿಗೆಲ್ಲ ಎಡೆ ಇಡುತ್ತಿದ್ದೆವು, ಅವನಿಗೊಬ್ಬನಿಗೆ ಇಡುತ್ತಿರಲಿಲ್ಲ.

ಅದು ಸಾಮಾನ್ಯ ಬರವಲ್ಲ, ಮಕ್ಕಳೇ. 1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದದ್ದರಿಂದ ಹಿರಿಯರು ಅದನ್ನು ‘ಧಾತು ಈಶ್ವರ ಬರ’ ಎನ್ನುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷಕ್ಕೂ ಹೆಚ್ಚು. 1881ರಲ್ಲಿ ಸುಮಾರು 42 ಲಕ್ಷ. ತುಮಕೂರಿಗೆ ಆಗ ರೈಲೂ ಬಂದಿರಲಿಲ್ಲ. ಹಸಿದವರು ನಡೆದೇ ಊರು ಬಿಟ್ಟರು.

ಚಿಕ್ಕ ಮುತ್ತಾತ ಮದ್ರಾಸಿಗೆ ಹೋಗಿ ಹಡಗು ಹತ್ತಿದನೆಂದು ನಮ್ಮಲ್ಲಿ ಕೆಲವರ ಊಹೆ. ಮದ್ರಾಸಿನಿಂದ ದಕ್ಷಿಣ ಆಫ್ರಿಕಾದ ನಟಾಲಿಗೆ ಕಬ್ಬಿನ ತೋಟದ ಕೂಲಿಗೆ ಜನರನ್ನು ಒಯ್ಯುವುದು 1860ರಲ್ಲೇ ಶುರುವಾಗಿತ್ತು. ಹೋದವರ ಹೆಸರು, ತಂದೆಯ ಹೆಸರು, ವಯಸ್ಸು, ಊರು, ಮೈಮೇಲಿನ ಗುರುತನ್ನೂ ಬರೆದಿಟ್ಟ ಪಟ್ಟಿಗಳು ಇಂದಿಗೂ ಉಳಿದಿವೆ.

ನಮಗೆ ದಾರಿ ತೋರಿಸಿದವರು ಹೆಳವರು. ಹೆಳವ ಎಂದರೆ ಕಾಲಿಲ್ಲದವನು. ಕಾಲಿಗೆ ಬಟ್ಟೆ ಸುತ್ತಿಕೊಂಡು, ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತಾ ಬಂದು ಮನೆತನದ ಪೀಳಿಗೆಗಳನ್ನು ಹಾಡಿನಂತೆ ಹೇಳುವವರು ಇವರು. ಸುಗ್ಗಿಯಾದ ಮೇಲೆ ಬಂದು ದವಸ, ಬಟ್ಟೆ ಪಡೆದು ಹೋಗುತ್ತಿದ್ದರು. ಈಗ ಎತ್ತಿನ ಬದಲು ವಾಹನ ಬಂದಿದೆ, ಜೊತೆಗೆ ದಪ್ಪ ಪುಸ್ತಕ.

ಆ ವರ್ಷ ಸುಗ್ಗಿಗೆ ಬಂದ ನಮ್ಮ ಹೆಳವರು ಪುಟ ತಿರುವಿ ಓದಿದರು: ಎರಡನೆಯವನು, ಈಶ್ವರ ಸಂವತ್ಸರದಲ್ಲಿ ತೆಂಕಲಿಗೆ ಹೋದ, ವಂಶ ತಿಳಿಯದು.

ಮೊಮ್ಮಗಳು ಭೂಪಟ ತಂದಳು. “ಮದ್ರಾಸು ಮೂಡಲಿಗಿದೆ ತಾತ. ತೆಂಕಲಿಗೆ ಕುಣಿಗಲ್ಲು!”

ಕುಣಿಗಲ್ ಕಡೆಯ ಮನೆಗಳ ಪುಸ್ತಕ ಹೆಳವರ ನೆಂಟರೊಬ್ಬರ ಬಳಿ ಇತ್ತು. ಅದರಲ್ಲಿ ಗುಬ್ಬಿ ಸೀಮೆಯಿಂದ ಬರದಲ್ಲಿ ಬಂದ ಒಂದು ಮನೆತನ ಸಿಕ್ಕಿತು. ಮನೆದೇವರು ಒಂದೇ, ಬೆಡಗು ಒಂದೇ, ತಂದೆಯ ಹೆಸರೂ ಒಂದೇ. ಸಮುದ್ರ ದಾಟಿದನೆಂದುಕೊಂಡವನು ಬಸ್ಸಿನಲ್ಲಿ ಅರ್ಧ ದಿನವೂ ಹಿಡಿಯದ ಊರಲ್ಲಿದ್ದ!

ಕುಣಿಗಲ್ ದೊಡ್ಡಕೆರೆ ದಾಟಿ ಆ ಮನೆಗೆ ಹೋದೆವು. ಊರಿನವರು ಇಂದಿಗೂ ಅದನ್ನು ‘ಗುಬ್ಬಿಯೋರ ಮನೆ’ ಎನ್ನುತ್ತಾರೆ. ತೊಂಬತ್ತರ ಹತ್ತಿರದ ಅಜ್ಜಿಯೊಬ್ಬರು ನನ್ನ ಕೈ ಹಿಡಿದು ಕೂರಿಸಿಕೊಂಡರು.

“ನಮ್ಮ ಮಾವನೋರ ತಾತ ಕೂಲಿ ಮಾಡಿ ರಾಗಿ ಗಂಟು ಹೊತ್ಕೊಂಡು ವಾಪಸ್ ಹೋಗಿದ್ರಂತೆ ಕಣಪ್ಪ. ಮನೆ ಬಾಗಿಲು ಹಾಕಿತ್ತಂತೆ. ಊರಲ್ಲಿ ಕೇಳೋಕೂ ಜನ ಇರ್ಲಿಲ್ವಂತೆ. ಎಲ್ಲ ಸತ್ತೋದ್ರು ಅಂತ ಅಳ್ತಾ ಬಂದ್ರಂತೆ.”

ಆಗ ನಮ್ಮವರು ತುಮಕೂರಿನ ಗಂಜಿ ಕೇಂದ್ರದಲ್ಲಿದ್ದರು. ಅದು ನಮ್ಮ ಅಜ್ಜಿ ಹೇಳುತ್ತಿದ್ದ ಮಾತು. ಎರಡು ಮನೆಯ ಎರಡು ಅರ್ಧ ಕಥೆಗಳು ಅಂದು ಕೂಡಿಕೊಂಡವು.

“ಗುಬ್ಬಿ ಅಣ್ಣನಿಗೆ ಅಂತ ಈಗ್ಲೂ ಎಡೆ ಇಡ್ತೀವಿ” ಎಂದರು ಅಜ್ಜಿ. ನಾನು ತಲೆ ತಗ್ಗಿಸಿದೆ.

ಈ ಸಲದ ಪಿತೃಪಕ್ಷಕ್ಕೆ ನಮ್ಮ ಮನೆಯಲ್ಲಿ ಒಂದು ಎಡೆ ಹೆಚ್ಚಾಯಿತು. ಮೊಮ್ಮಗಳ ಖಾಲಿ ಕೊಂಬೆಗೆ ಹದಿನೇಳು ಹೆಸರು ಬಂದವು.

ಮಕ್ಕಳೇ, ನಿಮ್ಮ ಮನೆಯ ಹಿರಿಯರನ್ನು ಕೂರಿಸಿಕೊಂಡು ಮನೆದೇವರು, ಬೆಡಗು, ಹಿಂದಿನ ಊರು ಯಾವುದೆಂದು ಕೇಳಿ ಬರೆದಿಡಿ. ‘ಅವನು ಹೋದ’ ಎಂದು ಅವರು ಹೇಳಿದರೆ, ಯಾವ ಕಡೆಗೆ ಎಂದೂ ಕೇಳಿ.